ಸಮೀಕ್ಷೆಗೆ ಸೊಪ್ಪು ಹಾಕದ ನಾಯಕ ಎಲ್ಲಿದ್ದಾನೆ?

ಪ್ರಶ್ನೆ: ರಾಜಕೀಯ ನಾಯಕರು ಜನಾಭಿಪ್ರಾಯ ಸಮೀಕ್ಷೆ ಹೇಳಿದಂತೆ ನಡೆಯಬೇಕೇ, ಅಥವಾ ತಮ್ಮ ಮನಸ್ಸಾಕ್ಷಿಗೆ ಸರಿ ಕಂಡದ್ದನ್ನು ಮಾಡಬೇಕೇ? ಸಮೀಕ್ಷೆಗಳಿಗೆ ಸೊಪ್ಪು ಹಾಕದ ಹಿಂದಿನ ಕಾಲದ ಗಟ್ಟಿ ನಾಯಕರು ಈಗ ಏಕಿಲ್ಲ?

ಉತ್ತರ: ಚುನಾವಣೆ ಹತ್ತಿರ ಬಂದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಕೇಳುವವರು ಬೇರೆ, ಪ್ರಶ್ನೆ ಮಾತ್ರ ಅದೇ. ಮೊದಲ ಭಾಗಕ್ಕೆ ಉತ್ತರ ಚಿಕ್ಕದು. ಎರಡನೇ ಭಾಗದಲ್ಲಿ ಬೇರು ಬಿಟ್ಟಿರುವ ತಪ್ಪು ಕಲ್ಪನೆಯನ್ನು ಕೀಳುವುದೇ ದೊಡ್ಡ ಕೆಲಸ.

ಚಿಕ್ಕ ಉತ್ತರ ಇದು. ಏನು ಆಗಬೇಕು ಎಂಬುದನ್ನು ನಾಯಕ ತಾನೇ ಯೋಚಿಸಿ ನಿರ್ಧರಿಸಬೇಕು, ಅದನ್ನು ಮತ ಕೇಳುವ ಮೊದಲೇ ಬಾಯಿಬಿಟ್ಟು ಹೇಳಬೇಕು. ಮಾಡಿದ್ದರಿಂದ ಯಾರಿಗೆ ಪೆಟ್ಟು ಬೀಳುತ್ತಿದೆ ಎಂಬುದನ್ನು ಜನರನ್ನೇ ಕೇಳಿ ತಿಳಿಯಬೇಕು. ಮೊದಲನೆಯದರಲ್ಲಿ ಶೇಕಡಾವಾರು ನೋಡಿ ನಾಲಿಗೆ ಹೊರಳಿಸುವವನು ಗಾಳಿ ಬಂದಾಗ ತೂರಿಕೊಳ್ಳುವವನು. ಎರಡನೆಯದರಲ್ಲಿ ಕಿವಿ ಮುಚ್ಚಿಕೊಂಡವನು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು. ಉತ್ತರ ಇಷ್ಟೇ ಎಂದು ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಆ 'ಗಟ್ಟಿ ನಾಯಕ' ಇದ್ದಾನಲ್ಲ, ಅವನನ್ನು ಹಾಗೇ ಬಿಟ್ಟರೆ ಮುಂದಿನ ಚುನಾವಣೆಗೆ ಮತ್ತೆ ಇದೇ ಪ್ರಶ್ನೆ ಬರುತ್ತದೆ.

ನಂಬಿಕೆ ಹೀಗಿದೆ: ಪುಕ್ಕಲ ನಾಯಕ ಸಮೀಕ್ಷೆ ತರಿಸಿ ನೋಡುತ್ತಾನೆ, ಅದು ಹೇಳಿದ್ದನ್ನು ಮಾಡುತ್ತಾನೆ, ಧೀರ ನಾಯಕ ಅದರತ್ತ ಕಣ್ಣೂ ಹಾಯಿಸುವುದಿಲ್ಲ. ಎರಡೂ ಸುಳ್ಳು. ಧೀರರೂ ನೋಡುತ್ತಾರೆ. ಇನ್ನು ಸಮೀಕ್ಷೆಗೆ ದುಡ್ಡು ಸುರಿಯುವವರಲ್ಲಿ ಹೆಚ್ಚಿನವರು ಏನು ಮಾಡಬೇಕೆಂದು ತಿಳಿಯಲು ಅದನ್ನು ಮಾಡಿಸುವುದೇ ಇಲ್ಲ.

ಜಾರ್ಜ್ ಡಬ್ಲ್ಯು. ಬುಷ್ ಅಮೆರಿಕದ 2000ದ ಅಧ್ಯಕ್ಷ ಚುನಾವಣೆಯಲ್ಲಿ ಊರೂರಿಗೆ ಹೇಳಿಕೊಂಡು ಬಂದದ್ದು ಇದನ್ನೇ: ತಾನು ಸಮೀಕ್ಷೆ ನೋಡಿ ಆಡಳಿತ ನಡೆಸುವವನಲ್ಲ. ಗೆದ್ದ ಮೇಲೆ ಅವರ ರಿಪಬ್ಲಿಕನ್ ಪಕ್ಷದ ಹಣದಲ್ಲಿ ಸಮೀಕ್ಷೆಗಳು ನಡೆದೇ ಇದ್ದವು. ನಿವೃತ್ತಿ ಪಿಂಚಣಿಯ ಒಂದು ಭಾಗವನ್ನು ಮಾರುಕಟ್ಟೆಯಲ್ಲಿ ಹೂಡುವ ಯೋಜನೆ ಅವರದಾಗಿತ್ತು. ಮೊದಮೊದಲು ಅದನ್ನು 'ಪ್ರೈವೇಟ್ ಅಕೌಂಟ್' ಎನ್ನುತ್ತಿದ್ದರು. ಆ ಹೆಸರು ಕೇಳಿದರೆ ಜನ ಬೆಚ್ಚುತ್ತಾರೆಂದು ಗೊತ್ತಾದ ಮೇಲೆ ಪಕ್ಷದವರ ಬಾಯಲ್ಲಿ ಅದು 'ಪರ್ಸನಲ್ ಅಕೌಂಟ್' ಆಯಿತು. ಯೋಜನೆ ಮಾತ್ರ ಇದ್ದ ಹಾಗೇ ಇತ್ತು. (2005ರಲ್ಲಿ ಹೊಸ ಹೆಸರಿನೊಂದಿಗೇ ಅದು ಮುಗ್ಗರಿಸಿತು ಎನ್ನಿ.)

ಇದು ಒಂದು ಪಕ್ಷದ ಚಾಳಿಯಲ್ಲ. ಬುಷ್‌ಗಿಂತ ಹಿಂದಿನ ಅಧ್ಯಕ್ಷ, ಡೆಮಾಕ್ರಟಿಕ್ ಪಕ್ಷದ ಬಿಲ್ ಕ್ಲಿಂಟನ್ ಅವರ ಸಮೀಕ್ಷೆಯ ಹುಚ್ಚಿನ ಬಗ್ಗೆ ಬೇಕಾದಷ್ಟು ನಗೆಚಟಾಕಿಗಳಿವೆ. ರಜೆಗೆ ಎಲ್ಲಿಗೆ ಹೋಗಬೇಕೆಂಬುದಕ್ಕೂ ಸಮೀಕ್ಷೆ ಮಾಡಿಸಿದರು ಎಂಬ ಮಾತು ಆಗಲೇ ಹರಡಿತ್ತು. ಆದರೆ ಅವರ 1993–94ರ ಆರೋಗ್ಯ ವಿಮಾ ಸುಧಾರಣೆಯನ್ನು ಲಾರೆನ್ಸ್ ಜೇಕಬ್ಸ್ ಮತ್ತು ರಾಬರ್ಟ್ ಶಪೀರೊ ಎಂಬ ಇಬ್ಬರು ರಾಜ್ಯಶಾಸ್ತ್ರಜ್ಞರು ಬಿಡಿಸಿ ನೋಡಿದಾಗ ಕಂಡದ್ದೇ ಬೇರೆ. ಯೋಜನೆಯ ಮುಖ್ಯ ತೀರ್ಮಾನಗಳು ಮೊದಲು, ಸಮೀಕ್ಷೆ ಆಮೇಲೆ. ತೀರ್ಮಾನವಾದದ್ದನ್ನು ಯಾವ ಮಾತಿನಲ್ಲಿ ಹೇಳಿದರೆ ಜನ ಒಪ್ಪುತ್ತಾರೆ ಎಂದು ಹುಡುಕಲು ಅದು ಬಳಕೆಯಾಗಿತ್ತು. ಅಂದರೆ ನಾವು ಬೈಯಬೇಕಾದ್ದು ನಾಯಕರು ಜನರ ಮಾತನ್ನು ಅತಿಯಾಗಿ ಕೇಳುತ್ತಾರೆ ಎಂದಲ್ಲ. ಜನರ ಮಾತನ್ನು ಕೇಳಿಸಿಕೊಂಡು, ಅದೇ ಮಾತಿನಲ್ಲಿ ತಮ್ಮ ಸರಕನ್ನು ಮಾರುತ್ತಾರೆ ಎಂದು.

"ಅದು ಈಗಿನವರ ಕಥೆ, ಹಿಂದೆ ಹಾಗಿರಲಿಲ್ಲ" ಎನ್ನುವವರಿಗೆ ಇನ್ನೊಂದು ಉದಾಹರಣೆ. ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು ಯಾರೂ ಪುಕ್ಕಲ ಎನ್ನುವುದಿಲ್ಲ. 1940ರಲ್ಲಿ ಹಿಟ್ಲರನ ಎದುರು ಬ್ರಿಟನ್ ಒಂಟಿಯಾಗಿ ನಿಂತಿತ್ತು. ಅಮೆರಿಕದ ಜನಕ್ಕೆ ಯುದ್ಧದ ಸಹವಾಸವೇ ಬೇಡವಾಗಿತ್ತು. ಆಗ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಮನೋವಿಜ್ಞಾನಿ ಸಮೀಕ್ಷೆಯ ಫಲಿತಾಂಶಗಳನ್ನು ಸದ್ದಿಲ್ಲದೆ ಶ್ವೇತಭವನಕ್ಕೆ ಮುಟ್ಟಿಸುತ್ತಿದ್ದರು. ಬ್ರಿಟನ್ನಿಗೆ ನೆರವಾಗಬೇಕೆಂಬುದರಲ್ಲಿ ರೂಸ್‌ವೆಲ್ಟ್‌ಗೆ ಅನುಮಾನ ಇರಲಿಲ್ಲ. ಎಷ್ಟು ದೂರ ಹೋಗಬಹುದು, ಯಾವ ಹೊತ್ತಿನಲ್ಲಿ, ಯಾವ ಮಾತಿನಲ್ಲಿ ಎಂಬುದಷ್ಟೇ ಅವರಿಗೆ ಬೇಕಿತ್ತು. ಆ ವರ್ಷದ ಡಿಸೆಂಬರ್ 17ರಂದು ಪತ್ರಕರ್ತರ ಮುಂದೆ ಅವರು ಹೇಳಿದ್ದು ನೆರೆಮನೆಯ ಬೆಂಕಿಯ ಮಾತು. ಪಕ್ಕದ ಮನೆ ಹೊತ್ತಿ ಉರಿಯುವಾಗ ತೋಟದ ಪೈಪು ಕೊಡುವವನು ಅದಕ್ಕೆ 15 ಡಾಲರ್ ಕೇಳುವುದಿಲ್ಲ, ಬೆಂಕಿ ಆರಿದ ಮೇಲೆ ಪೈಪು ವಾಪಸು ಬಂದರೆ ಸಾಕು ಎನ್ನುತ್ತಾನೆ. ಯುದ್ಧ ಎಂದರೆ ಬೆದರುವ ಜನಕ್ಕೆ ಪೈಪು ಎಂದರೆ ಅರ್ಥವಾಯಿತು. 1941ರ ಮಾರ್ಚ್‌ನಲ್ಲಿ ಯುದ್ಧಸಾಮಗ್ರಿ ಎರವಲು ಕೊಡುವ ಲೆಂಡ್-ಲೀಸ್ ಕಾಯ್ದೆ ಬಂತು. ಇದು ಸಮೀಕ್ಷೆಯೋ ಆತ್ಮಸಾಕ್ಷಿಯೋ? ಎರಡೂ. ಒಂದನ್ನು ಬಿಟ್ಟು ಇನ್ನೊಂದು ನಡೆಯುತ್ತಿರಲಿಲ್ಲ.

ಈ ಭ್ರಮೆಗೆ ನನ್ನ ಮೆಚ್ಚಿನ ಮದ್ದು ಫ್ರಾನ್ಸಿನದು. 1981ರ ಮಾರ್ಚ್ 16, ಅಧ್ಯಕ್ಷ ಚುನಾವಣೆಗೆ ತಿಂಗಳೊಪ್ಪತ್ತು ಬಾಕಿ. ಟಿವಿ ಸಂದರ್ಶನದಲ್ಲಿ ಅಭ್ಯರ್ಥಿ ಫ್ರಾನ್ಸ್ವಾ ಮಿತ್ತೆರಾಂಗೆ ಮರಣದಂಡನೆಯ ಬಗ್ಗೆ ಪ್ರಶ್ನೆ ಬಂತು. ತನ್ನ ಅಂತಃಸಾಕ್ಷಿ ಮರಣದಂಡನೆಯನ್ನು ಒಪ್ಪುವುದಿಲ್ಲ ಎಂದರು. ಇದಕ್ಕೆ ವಿರುದ್ಧವಾಗಿರುವ ಸಮೀಕ್ಷೆಗಳನ್ನು ತಾನು ಓದಬೇಕಾಗಿಲ್ಲ, ಬಹುಸಂಖ್ಯಾತರು ಮರಣದಂಡನೆಯ ಪರವಾಗಿದ್ದಾರೆ ಎಂದೂ ಸೇರಿಸಿದರು. ಗಮನಿಸಿ: ಓದಬೇಕಾಗಿಲ್ಲ ಎನ್ನುತ್ತಲೇ ಅದರಲ್ಲಿ ಏನಿದೆ ಎಂದು ತಪ್ಪಿಲ್ಲದೆ ಒಪ್ಪಿಸಿಬಿಟ್ಟರು! ನಮ್ಮ ಗಟ್ಟಿ ನಾಯಕನ ನಿಜರೂಪ ಇದೇ. ಎದುರಿಗೆ ಎಷ್ಟು ಜನ ಇದ್ದಾರೆಂದು ಎಣಿಸಿಯೇ ಅವನು ನೀರಿಗಿಳಿದಿರುತ್ತಾನೆ. ಮೇ ತಿಂಗಳಲ್ಲಿ ಮಿತ್ತೆರಾಂ ಗೆದ್ದರು. ಸೆಪ್ಟೆಂಬರ್ 18ರಂದು ಅವರ ನ್ಯಾಯಮಂತ್ರಿ ರಾಬೇರ್ ಬದಾಂತೇರ್ ತಂದ ಮರಣದಂಡನೆ ರದ್ದತಿ ಮಸೂದೆ ಕೆಳಮನೆಯಲ್ಲಿ 363–117 ಮತಗಳಿಂದ ಪಾಸಾಯಿತು. ಜನರ ಅಭಿಪ್ರಾಯ ಆ ಕಡೆಗೆ ತಿರುಗಲು ಆಮೇಲೂ ಎಷ್ಟೋ ವರ್ಷ ಬೇಕಾಯಿತು. ಆದರೂ ಮೋಸ ಹೋದೆವು ಎನ್ನುವಂತಿರಲಿಲ್ಲ, ಏಕೆಂದರೆ ಮಾತು ಮತಕ್ಕಿಂತ ಮೊದಲೇ ಬಂದಿತ್ತು.

ನೆಹರೂ ಹಿಂದೂಗಳ ಮದುವೆ, ಆಸ್ತಿ ಹಕ್ಕಿನ ಕಾನೂನನ್ನು ತಿದ್ದುವ ಹಿಂದೂ ಸಂಹಿತೆಯ ವಿಷಯದಲ್ಲಿ ನಡೆದುಕೊಂಡದ್ದೂ ಕೊನೆಗೆ ಇದೇ ದಾರಿಯಲ್ಲಿ. ಮಸೂದೆ ಮುಂದೆ ಹೋಗಲಿಲ್ಲವೆಂದು ಅಂಬೇಡ್ಕರ್ 1951ರಲ್ಲಿ ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು. ಅವರ ಸಿಟ್ಟಿನಲ್ಲಿ ನ್ಯಾಯವಿತ್ತು. ಅದರ ಬೆನ್ನಿಗೇ ಬಂದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಮುಂದೆ ಫೂಲ್‌ಪುರ ಎನಿಸಿಕೊಂಡ ಅಲಹಾಬಾದ್ ಕಡೆಯ ಕ್ಷೇತ್ರದಲ್ಲಿ ನೆಹರೂ ವಿರುದ್ಧ ಪ್ರಭುದತ್ತ ಬ್ರಹ್ಮಚಾರಿ ಎಂಬ ಸಂನ್ಯಾಸಿ ಆ ಮಸೂದೆಯನ್ನೇ ಮುಂದಿಟ್ಟುಕೊಂಡು ನಿಂತರು, ಸೋತರು. 1955–56ರಲ್ಲಿ ಮಸೂದೆ ನಾಲ್ಕು ಬೇರೆ ಬೇರೆ ಕಾಯ್ದೆಗಳಾಗಿ ಬಂತು.

ಹಾಗಾದರೆ ಮೊದಲೇ ಹೇಳಿಬಿಟ್ಟರೆ ಎಲ್ಲವೂ ಮಾಫಿಯೇ? ಅಲ್ಲ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ ತಲೆಗಂದಾಯವನ್ನು 1987ರ ಪ್ರಣಾಳಿಕೆಯಲ್ಲೇ ಹೇಳಿದ್ದರು, ಗೆದ್ದರು. ಬಂಗಲೆಯವನಿಗೂ ಬಾಡಿಗೆ ಕೋಣೆಯವನಿಗೂ ಹೆಚ್ಚುಕಡಿಮೆ ಒಂದೇ ತೆರಿಗೆ. 1989ರಲ್ಲಿ ಸ್ಕಾಟ್ಲೆಂಡಿನಲ್ಲಿ ಜಾರಿಯಾದಾಗಲೇ ಜನ ಕೊಡುವುದಿಲ್ಲ ಎಂದು ಕೂತರು. ಆದರೂ ಮರುವರ್ಷ ಇಂಗ್ಲೆಂಡ್, ವೇಲ್ಸ್‌ಗೂ ಅದೇ ಬಂತು. 1990ರ ಮಾರ್ಚ್ 31ರಂದು ಲಂಡನ್ನಿನಲ್ಲಿ ಗಲಭೆ, ನವೆಂಬರಿನಲ್ಲಿ ಅವರ ಕುರ್ಚಿ ಹೋಯಿತು, 1993ರಲ್ಲಿ ತೆರಿಗೆಯೂ ಹೋಯಿತು. ಅವರು ಸಮೀಕ್ಷೆಗೆ ಕಿವಿಗೊಡಬೇಕಿದ್ದದ್ದು ಇಲ್ಲಿ. ತೆರಿಗೆ ತತ್ತ್ವ ಸರಿಯೋ ತಪ್ಪೋ ಎಂಬುದರಲ್ಲಿ ಪಂಡಿತರು ಜಗಳವಾಡಲಿ. ಬಿಲ್ಲು ಕೈಗೆ ಬಂದಾಗ ಉಸಿರು ಕಟ್ಟುತ್ತದೋ ಇಲ್ಲವೋ ಎಂಬುದನ್ನು ಕಟ್ಟುವವನಿಗಿಂತ ಚೆನ್ನಾಗಿ ಯಾವ ನಾಯಕನೂ ಬಲ್ಲವನಲ್ಲ.

ಬ್ರಿಟಿಷ್ ಸಂಸದ, ಚಿಂತಕ ಎಡ್ಮಂಡ್ ಬರ್ಕ್ 1774ರಲ್ಲಿ ಬ್ರಿಸ್ಟಲ್ ಮತದಾರರಿಗೆ "ನನ್ನ ವಿವೇಚನೆಯನ್ನು ನಿಮ್ಮ ಅಭಿಪ್ರಾಯಕ್ಕೆ ಬಲಿಕೊಡಲಾರೆ" ಎಂಬರ್ಥದ ಮಾತು ಹೇಳಿದ್ದನ್ನು ಎಲ್ಲರೂ ಎತ್ತಿ ಆಡುತ್ತಾರೆ. 1780ರಲ್ಲಿ ಅದೇ ಬ್ರಿಸ್ಟಲ್‌ನಲ್ಲಿ ಸೋಲು ಖಚಿತವೆಂದು ಕಂಡು ಅವರು ಕಣದಿಂದ ಹಿಂದೆ ಸರಿದದ್ದನ್ನು ಮಾತ್ರ ಯಾರೂ ಹೇಳುವುದಿಲ್ಲ. ಆತ್ಮಸಾಕ್ಷಿಗೆ ಬೆಲೆ ತೆತ್ತರು; ಅದು ಗೌರವದ ಮಾತೇ.

ಇನ್ನು ಯಾರೂ ಕೇಳದ, ಆದರೆ ಕೇಳಬೇಕಾಗಿದ್ದ ಪ್ರಶ್ನೆ. ಸಮೀಕ್ಷೆ ಅಳೆಯುವ ಆ ಅಭಿಪ್ರಾಯ, ಫೋನು ರಿಂಗಾಗುವ ಮೊದಲು ಜನರ ತಲೆಯಲ್ಲಿ ಇತ್ತೇ?

1941ರಲ್ಲಿ ಅಮೆರಿಕದಲ್ಲಿ ಡೊನಾಲ್ಡ್ ರಗ್ ಎಂಬವರು ಒಂದು ಸಮೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಪ್ರಜಾಪ್ರಭುತ್ವದ ವಿರುದ್ಧ ಭಾಷಣ ಮಾಡಲು ಬಿಡಬೇಕೇ ಎಂದಾಗ, ಬಿಡಬಾರದು ಎಂದವರು ಶೇ 62. ಅಂಥ ಭಾಷಣವನ್ನು ನಿಷೇಧಿಸಬೇಕೇ ಎಂದಾಗ, ಹೌದು ಎಂದವರು ಶೇ 46 ಮಾತ್ರ. ಬಿಡದಿರುವುದಕ್ಕೂ ನಿಷೇಧಕ್ಕೂ ಏನು ವ್ಯತ್ಯಾಸ ಎಂದು ನನ್ನನ್ನು ಕೇಳಬೇಡಿ.

1970ರ ದಶಕದಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದ ಜಾರ್ಜ್ ಬಿಷಪ್ ಮತ್ತು ಸಂಗಡಿಗರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. '1975ರ ಸಾರ್ವಜನಿಕ ವ್ಯವಹಾರಗಳ ಕಾಯ್ದೆ'ಯನ್ನು ರದ್ದು ಮಾಡಬೇಕೇ ಎಂದು ಕೇಳಿದರು. ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರು ಹೌದು ಅಥವಾ ಬೇಡ ಎಂದು ಉತ್ತರಿಸಿದರು. ಅಂಥ ಕಾಯ್ದೆಯೇ ಇರಲಿಲ್ಲ! 1995ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಇದೇ ಇಲ್ಲದ ಕಾಯ್ದೆಯ ಬಗ್ಗೆ ಮತ್ತೆ ಕೇಳಿತು. ಈ ಸಲ ಕೆಲವರಿಗೆ ಅಧ್ಯಕ್ಷ ಕ್ಲಿಂಟನ್ ಇದನ್ನು ರದ್ದು ಮಾಡಬೇಕೆನ್ನುತ್ತಾರೆ ಎಂದಿತು, ಇನ್ನು ಕೆಲವರಿಗೆ ರಿಪಬ್ಲಿಕನ್ನರು ಹಾಗೆನ್ನುತ್ತಾರೆ ಎಂದಿತು. ಹೆಸರು ಕಿವಿಗೆ ಬಿದ್ದದ್ದೇ ತಡ, ಉತ್ತರಗಳು ಪಕ್ಷದ ಪ್ರಕಾರ ಪಾಲಾದವು. ನಾಯಕ ಜನರ ಅಭಿಪ್ರಾಯ ಏನೆಂದು ಸಮೀಕ್ಷೆಯಲ್ಲಿ ಹುಡುಕುತ್ತಿದ್ದರೆ, ಅಲ್ಲಿ ಅವನಿಗೆ ಸಿಗುವುದರಲ್ಲಿ ಒಂದಷ್ಟು ಅವನದೇ ಮಾತು.

ಆದ್ದರಿಂದ ಮುಂದಿನ ಸಲ 'ಶೇ 55 ಪರ, ಶೇ 45 ವಿರೋಧ' ಎಂಬ ಶೀರ್ಷಿಕೆ ಕಂಡಾಗ ಎರಡನ್ನೂ ಕೂಡಿಸಿ ನೋಡಿ. ನೂರಕ್ಕೆ ನೂರು ಬಂದರೆ 'ಗೊತ್ತಿಲ್ಲ' ಎಂದವರನ್ನು ಒಂದೋ ಲೆಕ್ಕದಿಂದ ಕೈಬಿಟ್ಟಿದ್ದಾರೆ, ಇಲ್ಲವೇ ಹಾಗೆ ಹೇಳಲು ಅವಕಾಶವನ್ನೇ ಕೊಟ್ಟಿಲ್ಲ.