ಲಾರಿ ಆಯಿಲ್ ಫಿಲ್ಟರ್: ಬಿಚ್ಚೋ ಕಷ್ಟ ಶುರುವಾಗೋದು ಕೂರ್ಸಿದ ದಿನ

ಆಯಿಲ್ ಸರ್ವಿಸ್‌ಗೆ ಬಂದ ಲಾರಿ ಫಿಲ್ಟರ್ ಬಿಚ್ಚೋಕಾಗ್ದೆ ಅರ್ಧ ದಿನ ನಿಂತ್ರೆ ಬೈಬೇಕಾಗಿರೋದು ಈಗ ಅದರ ಕೆಳಗೆ ಮಲಗಿರೋ ಹುಡುಗನ್ನಲ್ಲ, ಹೋದ ಸಲ ಅದನ್ನ ಕೂರ್ಸಿದವನನ್ನ. ಹೊಸಪೇಟೆ, ಸಂಡೂರು ಕಡೆ ಅದಿರು ಗಾಡಿಗಳ ಕೆಲಸ ಮಾಡ್ಕೊಂಡೇ ಬಂದಿರೋ ನನಗೆ ಗೊತ್ತಿರೋ ಹಾಗೆ ಫಿಲ್ಟರ್ ಜಾಮ್ ಆಗೋಕೆ ದೊಡ್ಡ ಕಾರಣಗಳೇನೂ ಇರಲ್ಲ, ಒಂದು ರಬ್ಬರ್ ರಿಂಗ್‌ಗೆ ಆಯಿಲ್ ಹಚ್ಚಿರಲ್ಲ, ಇನ್ನೊಂದು ಚೈನ್ ಪಾನಾ ಹಾಕಿ ಕೊನೇ ತನಕ ಬಿಗಿದಿರ್ತಾರೆ, ಅಷ್ಟೇ.

ಉದಾಹರಣೆಗೆ ನಮ್ಮ ಕಡೆ ಈಗಲೂ ಸಾಕಷ್ಟು ಓಡ್ತಿರೋ ಕಮಿನ್ಸ್ 6ಬಿಟಿ ಇಂಜಿನ್ ಇರೋ ಟಾಟಾ ಗಾಡಿಗಳನ್ನೇ ತಗೊಳಿ. 5.9 ಲೀಟರ್, 6 ಸಿಲಿಂಡರ್, ಗಟ್ಟಿ ಇಂಜಿನ್. ಆದ್ರೆ ಆಯಿಲ್ ಫಿಲ್ಟರ್ ಇರೋದು ಬಲಗಡೆ, ಅಂದ್ರೆ ನಮ್ಮಲ್ಲಿ ಡ್ರೈವರ್ ಸೈಡು, ಟರ್ಬೋ (ಹೊಗೆ ರಭಸದಲ್ಲಿ ತಿರುಗಿ ಇಂಜಿನ್‌ಗೆ ಗಾಳಿ ತಳ್ಳೋದು) ಕೆಳಗೆ, ಆಯಿಲ್ ಕೂಲರ್ ಹತ್ರ ನೇತಾಡ್ತಾ ಇರುತ್ತೆ. ಒಂದು ಕಡೆ ಚಾಸಿ, ಮೇಲೆ ಬಿಸಿ ಎಗ್ಸಾಸ್ಟು, ಮಧ್ಯ ಕೈ ಹೋಗೋಷ್ಟು ಜಾಗ. ಟಿಲ್ಟ್ ಕ್ಯಾಬಿನ್ ಆದ್ರೆ ಪರವಾಗಿಲ್ಲ, ಎತ್ತಿ ಲಾಕ್ ಬಿದ್ದಿದೆಯಾ ಅಂತ ನೋಡ್ಕೊಂಡು ಮೇಲಿಂದ ಕೈ ಹಾಕ್ಬಹುದು. ಬರೀ ಚಾಸಿ ತಗೊಂಡು ಹೊರಗಡೆ ಕ್ಯಾಬಿನ್ ಕಟ್ಟಿಸಿರೋ ಗಾಡಿಗಳದ್ದೇ ಕಷ್ಟ, ಅದು ಏಳಲ್ಲ. ಅಂಥದ್ದಕ್ಕೆ ಕೆಳಗೆ ಮಲಗೋಕೆ ಮುಂಚೆ ಸ್ಟೇರಿಂಗ್ ಒಂದು ಕಡೆಗೆ ಪೂರ್ತಿ ತಿರುಗಿಸಿಟ್ಟು, ಹಿಂದಿನ ಚಕ್ರ ಉರುಳದ ಹಾಗೆ ಅಡ್ಡ ಕಟ್ಟೆ ಕೊಟ್ಟು ನೋಡಿ, ಎಷ್ಟೋ ಗಾಡಿಗಳಲ್ಲಿ ಚಕ್ರದ ಸಂದಿಯಿಂದಲೇ ಫಿಲ್ಟರ್ ಕೈಗೆ ಸಿಗುತ್ತೆ.

ಪಾನಾ ಹಾಕೋಕೆ ಮುಂಚೆ ತೊಳೀರಿ. ಅದಿರು ರೋಡಲ್ಲಿ ಓಡೋ ಗಾಡಿಯ ಫಿಲ್ಟರ್ ನೋಡಿದ್ರೆ ಅದರ ಬಣ್ಣ ಯಾವುದು ಅಂತಾನೇ ಗೊತ್ತಾಗಲ್ಲ, ಸುತ್ತ ಆಯಿಲ್ ಜೊತೆ ಕೆಂಪು ಧೂಳು ಸೇರಿ ಬೆರಳು ದಪ್ಪ ಹೆಂಟೆ ಕಟ್ಟಿರುತ್ತೆ. ಹಂಗೇ ತಿರುಗಿಸಿದ್ರೆ ಆ ಹೆಂಟೆ ಉದುರಿ ಫಿಲ್ಟರ್ ಹೆಡ್ (ಇಂಜಿನ್ ಕಡೆ ಫಿಲ್ಟರ್ ಕೂರೋ ಭಾಗ) ಬಾಯಿಗೇ ಅಂಟ್ಕೊಳುತ್ತೆ, ಅಲ್ಲಿಂದ ಮುಂದಕ್ಕೆ ಬೇರಿಂಗೇ. ಕಬ್ಬಿಣದ ಅದಿರಿನ ಪುಡಿ ಬೇರಿಂಗಿಗೆ ಏನು ಮಾಡುತ್ತೆ ಅಂತ ನಾನು ಬಿಡಿಸಿ ಹೇಳ್ಬೇಕಾಗಿಲ್ಲ. ಬ್ರಷ್ಷು, ಸ್ವಲ್ಪ ಡೀಸೆಲ್ಲು, ಬನಿಯನ್ ವೇಸ್ಟು ಸಾಕು. ಇನ್ನೊಂದು ಲಾಭ ಏನಂದ್ರೆ ಒಣಗಿದ ತಗಡಿನ ಮೇಲೆ ಪಾನಾ ಜಾರಲ್ಲ.

ಇಂಜಿನ್ ಎಷ್ಟು ಬಿಸಿ ಇರ್ಬೇಕು ಅನ್ನೋದಕ್ಕೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಗಾಡಿ ಬಂದ ತಕ್ಷಣ ಬಿಚ್ಚಿದ್ರೆ ಮೊಣಕೈ ತನಕ ಸುಟ್ಕೊಳ್ತೀರಿ, ರಾತ್ರಿ ನಿಲ್ಸಿ ಬೆಳಗ್ಗೆ ಬಿಚ್ಚಿದ್ರೆ ಆಯಿಲ್ ಗಟ್ಟಿಯಾಗಿ ಇಳಿಯೋಕೆ ಹೊತ್ತು ತಗೊಳುತ್ತೆ, ಕಸ ಎಲ್ಲ ಚೇಂಬರ್ (ಇಂಜಿನ್ ಅಡಿಯ ಆಯಿಲ್ ತೊಟ್ಟಿ) ತಳದಲ್ಲೇ ಉಳ್ಕೊಳುತ್ತೆ. ಚೇಂಬರ್ ಮುಟ್ಟಿದ್ರೆ ಬೆಚ್ಚಗಿದೆ ಆದ್ರೆ ಕೈ ಇಟ್ಕೊಂಡು ಇರ್ಬಹುದು ಅನ್ನೋ ಹಂತ ಸರಿ. ಡ್ರೈವರ್ ಒಂದು ಟೀ ಕುಡ್ದು ಬರೋ ಹೊತ್ತಲ್ಲಿ ಆ ಹಂತಕ್ಕೆ ಬರಲ್ಲ, ಊಟ ಮುಗಿಸ್ಕೊಂಡು ಬರಲಿ.

ಈಗ ಪಾನಾ ವಿಷಯ. ಚೈನ್ ಪಾನಾ ಎಲ್ಲರ ಹತ್ರಾನೂ ಇರುತ್ತೆ, ಹಳೇ ಫ್ಯಾನ್ ಬೆಲ್ಟ್‌ಗೆ ಪೈಪ್ ಸಿಕ್ಕಿಸಿ ಮಾಡ್ಕೊಂಡಿರೋದೂ ಇರುತ್ತೆ, ಎರಡೂ ಕೆಲಸ ಮಾಡುತ್ತೆ. ಆದ್ರೆ ಎಲ್ಲಿ ಹಿಡೀತೀರಿ ಅನ್ನೋದು ಮುಖ್ಯ. ಜಾಗ ಇದೆ ಅಂತ ಫಿಲ್ಟರ್ ಕೆಳಭಾಗಕ್ಕೆ ಹಾಕಿ ಎಳೆದ್ರೆ ಅಲ್ಲಿರೋದು ತೆಳು ತಗಡು, ಹಿಂಡಿದ ನಿಂಬೆಹಣ್ಣಿನ ಥರ ಮುದುಡ್ಕೊಳುತ್ತೆ, ಆಮೇಲೆ ಯಾವ ಪಾನಾನೂ ಹಿಡಿಯಲ್ಲ. ಮೇಲುಗಡೆ, ಹೆಡ್‌ಗೆ ಕೂರೋ ಕಡೆ, ಒಳಗೆ ದಪ್ಪ ಪ್ಲೇಟ್ ಇರುತ್ತೆ, ಆದಷ್ಟು ಅದರ ಹತ್ರ ಹಿಡೀರಿ. ಬೆಲ್ಟ್ ಜಾರ್ತಾ ಇದ್ರೆ ಒಂದು ತುಂಡು ಎಮರಿ ಪೇಪರ್ ಒರಟು ಕಡೆ ಫಿಲ್ಟರ್‌ಗೆ ಬರೋ ಹಾಗೆ ಮಧ್ಯ ಇಟ್ಟು ಎಳೀರಿ. ಇಕ್ಕಟ್ಟು ಜಾಗಕ್ಕೆ ಇದೆಲ್ಲಕ್ಕಿಂತ ವಾಸಿ ಕೆಳಗಿಂದ ಟೋಪಿ ಥರ ಕೂರೋ ಕಪ್ ಪಾನಾ, ಉದ್ದ ಎಕ್ಸ್‌ಟೆನ್ಶನ್ ಹಾಕಿದ್ರೆ ಕೈ ಹೊರಗಡೆ ಇಟ್ಕೊಂಡೇ ತಿರುಗಿಸ್ಬಹುದು. ಆದ್ರೆ ನಿಮ್ಮ ಫಿಲ್ಟರ್ ಸೈಜ್‌ಗೇ ತಗೋಬೇಕು, ಲೂಸ್ ಇದ್ರೆ ಪ್ರಯೋಜನ ಇಲ್ಲ.

ಸ್ಕ್ರೂಡ್ರೈವರ್ ಚುಚ್ಚಿ ತಿರುಗಿಸೋ ಹಳೇ ಟ್ರಿಕ್ ಮಾತ್ರ ದಯವಿಟ್ಟು ಬಿಡಿ. ತಗಡು ಹರ್ಕೊಂಡು ಬರುತ್ತೆ, ಪ್ಲೇಟ್ ಅಲ್ಲೇ ಉಳಿಯುತ್ತೆ. ಹಾಗೆ ಉಳಿದಿದ್ದನ್ನ ಬಿಚ್ಚೋಕೆ ಪ್ಲೇಟ್ ಅಂಚಿಗೆ ಚಾಣ ಇಟ್ಟು ಬಿಚ್ಚೋ ಕಡೆಗೆ ಮೆಲ್ಲಗೆ ತಟ್ಟಬೇಕು, ಅವಸರ ಮಾಡಿದ್ರೆ ಚಾಣ ಹೆಡ್‌ಗೇ ಬಿದ್ದು ರಬ್ಬರ್ ಕೂರೋ ಜಾಗ ಗೀರು ಬೀಳುತ್ತೆ, ಆವಾಗ ಖರ್ಚು ಬೇರೇನೇ.

ಲೂಸ್ ಆದ ಮೇಲೆ ಕೈಯಲ್ಲಿ ಅರ್ಧ ಸುತ್ತು ಬಿಟ್ಟು, ಒಂದು ದಪ್ಪ ಪ್ಲಾಸ್ಟಿಕ್ ಚೀಲವನ್ನ ಕೆಳಗಿಂದ ಫಿಲ್ಟರ್‌ಗೆ ತೊಡಿಸಿ ಚೀಲದ ಸಮೇತ ತಿರುಗಿಸಿ ತೆಗೀರಿ. ಒಳಗೆ ಒಂದು ಲೀಟರ್ ಹತ್ರ ಆಯಿಲ್ ಇರುತ್ತೆ, ತುಂಬಿದ ಡಬ್ಬಿ ಭಾರ, ಎಣ್ಣೆ ಕೈಯಲ್ಲಿ ಜಾರಿದ್ರೂ ಚೀಲದೊಳಗೇ ಬೀಳುತ್ತೆ. ಎಗ್ಸಾಸ್ಟ್ ಇನ್ನೂ ಕಾದಿದ್ರೆ ಚೀಲ ಅಂಟ್ಕೊಂಡು ಕರಗುತ್ತೆ, ಕಾಯಬೇಕು ಅಂದಿದ್ದಕ್ಕೆ ಅದೂ ಒಂದು ಕಾರಣ.

ತೆಗೆದ ಫಿಲ್ಟರ್ ಬಾಯಿ ನೋಡಿ. ಅದರಲ್ಲಿ ರಬ್ಬರ್ ರಿಂಗ್ ಇಲ್ಲ ಅಂದ್ರೆ ಅದು ಹೆಡ್‌ಗೇ ಅಂಟ್ಕೊಂಡಿದೆ. ಮೇಲೆ ಕತ್ತಲು, ಕಪ್ಪು ರಬ್ಬರ್ರು ಕಪ್ಪು ಎಣ್ಣೇಲಿ ಕಾಣಲ್ಲ, ಬೆರಳಾಡಿಸಿ ನೋಡ್ಲೇಬೇಕು. ಹಳೇ ರಿಂಗ್ ಮೇಲೆ ಹೊಸದು ಕೂತ್ರೆ ಗ್ಯಾರೇಜಲ್ಲಿ ಐಡ್ಲಿಂಗ್ ಬಿಟ್ಟಾಗ ಒಂದು ಹನಿನೂ ಬೀಳದೇ ಇರ್ಬಹುದು, ಲೋಡ್ ಮೇಲೆ ಪ್ರೆಶರ್ ಏರಿದಾಗ ರಿಂಗ್ ಹೊರಗೆ ಕಿತ್ಕೊಂಡು ಬಂದು ಡ್ರೈವರ್ ಘೇಜ್ ನೋಡೋ ಅಷ್ಟರಲ್ಲಿ ಚೇಂಬರ್ ಖಾಲಿ. ಹಳೇ ಟಾಟಾ 697 ಇಂಜಿನ್‌ಗಳಲ್ಲೂ ಇದೇ ಕಥೆ, ಅದರಲ್ಲಿ ಬಟ್ಟಲೊಳಗೆ ಎಲಿಮೆಂಟ್ ಇರುತ್ತೆ, ರಿಂಗ್ ಕೂರೋದು ಹೆಡ್‌ನ ಗ್ರೂವ್‌ನಲ್ಲಿ, ಸೂಜಿ ಹಾಕಿ ಎಬ್ಬಿಸಿ ತೆಗೀಬೇಕು. ಜೊತೆಗೆ ಬಟ್ಟಲು ತಳದ ಸ್ಪ್ರಿಂಗು, ವಾಶರು ವೇಸ್ಟ್ ಆಯಿಲ್ ಟ್ರೇಗೆ ಬೀಳದ ಹಾಗೆ ನೋಡ್ಕೊಳ್ಳಿ.

ಹೊಸ ಫಿಲ್ಟರ್ ನೇತಾಡೋ ಥರದ್ದಾಗಿದ್ರೆ ಆಯಿಲ್ ತುಂಬಿಸಿಯೇ ಹಾಕಿ, ಆದ್ರೆ ಮಧ್ಯದ ದೊಡ್ಡ ತೂತಿಗಲ್ಲ. ಆಯಿಲ್ ಒಳಗೆ ಬರೋದು ಸುತ್ತ ಇರೋ ಸಣ್ಣ ತೂತುಗಳಿಂದ, ಪೇಪರ್ ದಾಟಿ ಮಧ್ಯದಿಂದ ಹೊರಗೆ ಹೋಗುತ್ತೆ, ಮಧ್ಯದಲ್ಲೇ ಹೊಯ್ದ್ರೆ ಆಯಿಲ್ ಡಬ್ಬದಲ್ಲಿ ಇರೋ ಕಸ ಶೋಧಿಸದೇ ಸೀದಾ ಇಂಜಿನ್‌ಗೆ. ಸಣ್ಣ ತೂತಿಗೆ ಸ್ವಲ್ಪ ಹೊಯ್ದು, ಪೇಪರ್ ಕುಡಿಯೋ ತನಕ ನಿಂತು, ಮತ್ತೆ ಹೊಯ್ಯಿರಿ. ಈ ಮಾತು ಆಯಿಲ್ ಫಿಲ್ಟರ್‌ಗೆ ಮಾತ್ರ, ಕಾಮನ್ ರೈಲ್ (ಒಂದೇ ಪೈಪಿಂದ ಹೈ ಪ್ರೆಶರ್ ಡೀಸೆಲ್ ಎಲ್ಲ ಸಿಲಿಂಡರ್‌ಗೂ ಹೋಗೋ) ಗಾಡಿಯ ಡೀಸೆಲ್ ಫಿಲ್ಟರ್‌ಗೆ ಹೊರಗಿಂದ ಡೀಸೆಲ್ ತುಂಬಿಸ್ಬೇಡಿ, ಅದಕ್ಕೆ ಹ್ಯಾಂಡ್ ಪಂಪ್ ಇದೆ.

ರಿಂಗ್‌ಗೆ ಹೊಸ ಆಯಿಲ್ ಬೆರಳಲ್ಲಿ ಸವರಿ, ಹೆಡ್ ಒರೆಸಿ, ಕೈಯಲ್ಲೇ ತಿರುಗಿಸಿ. ರಬ್ಬರ್ ತಾಗಿದ್ದು ಕೈಗೆ ಗೊತ್ತಾಗುತ್ತೆ, ಅಲ್ಲಿಂದ ಮುಕ್ಕಾಲು ಸುತ್ತು, ಹೆಚ್ಚಂದ್ರೆ ಒಂದು. ಸಾಮಾನ್ಯವಾಗಿ ಡಬ್ಬಿ ಮೇಲೇ ಬರೆದಿರುತ್ತೆ, ಯಾರೂ ಓದಲ್ಲ. "ಸಾರ್ ಲೋಡ್ ಗಾಡಿ, ಬಿಚ್ಕೊಂಡ್ರೆ?" ಅಂತ ಕೇಳ್ತಾರೆ ಹುಡುಗರು. ಬಿಚ್ಕೊಳಲ್ಲ. ಸೀಲ್ ಮಾಡೋದು ರಬ್ಬರ್ರು, ನಿಮ್ಮ ರಟ್ಟೆ ಅಲ್ಲ, ಜಾಸ್ತಿ ಬಿಗಿದ್ರೆ ರಬ್ಬರ್ ಚಪ್ಪಟೆ ಆಗಿ ಬಿಸಿಗೆ ಹೆಡ್‌ಗೆ ಬೆಂದು ಅಂಟ್ಕೊಳುತ್ತೆ. ಕೂರ್ಸಿದ ಮೇಲೆ ಪೇಂಟ್ ಪೆನ್ನಲ್ಲಿ ತಾರೀಖು, ಕಿಲೋಮೀಟರ್ ಬರೆದು, ಡಬ್ಬಿಯಿಂದ ಹೆಡ್ ತನಕ ಒಂದು ಗೆರೆ ಎಳೀರಿ, ಸಡಿಲ ಆಗಿದ್ಯಾ ಅಂತ ದೂರದಿಂದಲೇ ಟಾರ್ಚ್ ಬಿಟ್ಟು ನೋಡ್ಬಹುದು.

ಸ್ಟಾರ್ಟ್ ಮಾಡಿದ ತಕ್ಷಣ ಎಕ್ಸಲೇಟರ್ ತುಳಿಯೋ ಡ್ರೈವರ್ ಇದ್ರೆ ಕೀ ಇಸ್ಕೊಳ್ಳಿ. ಟರ್ಬೋ ಶಾಫ್ಟ್ ಲೋಡ್ ಮೇಲೆ ಲಕ್ಷ ಆರ್‌ಪಿಎಂ ದಾಟಿ ತಿರುಗೋದು ಬರೀ ಆಯಿಲ್ ಪದರದ ಮೇಲೆ. ಪ್ರೆಶರ್ ಏರೋ ತನಕ ಐಡ್ಲಿಂಗ್, ಆಮೇಲೆ ನಿಲ್ಸಿ, ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ.

ಬಿಎಸ್6, ಅಂದ್ರೆ ಹೊಸ ಹೊಗೆ ನಿಯಮದ ಗಾಡಿಗಳದ್ದು ಒಂದೇ ಮಾತು. ಹಲವು ಇಂಜಿನ್‌ಗಳಲ್ಲಿ ಫಿಲ್ಟರ್ ಮೇಲುಗಡೆ ಪ್ಲಾಸ್ಟಿಕ್ ಕ್ಯಾಪ್ ಒಳಗೆ ಬಂದಿದೆ, ಕೆಲಸ ಸಲೀಸು. ಚೇಂಬರ್ ಪ್ಲಗ್ (ಆಯಿಲ್ ಇಳಿಸೋ ಬೋಲ್ಟು) ತೆಗೆಯೋಕೆ ಮುಂಚೆ ಕ್ಯಾಪ್ ಲೂಸ್ ಮಾಡಿ ಬಿಟ್ರೆ ಫಿಲ್ಟರ್ ಒಳಗಿನ ಆಯಿಲೂ ಕೆಳಗಿಳಿಯುತ್ತೆ. ಕ್ಯಾಪ್ ಮೇಲೆ ಬರೆದಿರೋ ಟಾರ್ಕ್‌ಗೆ ನಿಲ್ಸಿ, ಓ ರಿಂಗ್ ಪ್ರತಿ ಸಲ ಹೊಸದು ಹಾಕಿ. ಆಯಿಲ್ ಗ್ರೇಡ್ ಕಂಪನಿ ಹೇಳಿದ್ದೇ ಇರಲಿ, ಹಳೇ ಗಾಡಿದು ಉಳಿದಿದೆ ಅಂತ ಇದಕ್ಕೆ ಹೊಯ್ದ್ರೆ ಬೂದಿ ಹೋಗಿ ಡಿಪಿಎಫ್‌ನಲ್ಲಿ, ಅಂದ್ರೆ ಸೈಲೆನ್ಸರ್ ದಾರಿಯ ಮಸಿ ಫಿಲ್ಟರ್‌ನಲ್ಲಿ ಕೂರುತ್ತೆ.

ಇನ್ನು ಓನರ್‌ಗಳು ಕೇಳೋದು ಫಿಲ್ಟರನ್ನೇ ಪೈಪ್ ಹಾಕಿ ಚಾಸಿಗೆ ತರೋ ರಿಮೋಟ್ ಕಿಟ್ ಬಗ್ಗೆ. ಸುಲಭ ಆಗೋದು ನಿಜ, ನಿಂತ್ಕೊಂಡೇ ಬಿಚ್ಬಹುದು. ಆದ್ರೆ ಎರಡು ಹೋಸು, ನಾಲ್ಕು ಜಾಯಿಂಟು ಜಾಸ್ತಿ ಆಗುತ್ತೆ, ಪೂರ್ತಿ ಇಂಜಿನ್ ಪ್ರೆಶರ್ ಅದರಲ್ಲೇ ಓಡುತ್ತೆ, ಹೋಸು ಚಾಸಿಗೆ ಉಜ್ಜಿ ಒಡೆದ್ರೆ ನಿಮಿಷದೊಳಗೆ ಬೇರಿಂಗ್ ಮುಗೀತು. ನಿಂತಲ್ಲೇ ಓಡೋ ಜನರೇಟರ್ ಸೆಟ್‌ಗೆ ಸರಿ, ಗುಂಡಿ ರೋಡಲ್ಲಿ ಅಲ್ಲಾಡೋ ಲಾರಿಗೆ ನಾನು ಹಾಕಲ್ಲ. ಅದೇ ದುಡ್ಡಲ್ಲಿ ಒಳ್ಳೇ ಕಪ್ ಪಾನಾ ತಗೊಂಡು, ಚೇಂಬರ್ ಪ್ಲಗ್ ಜಾಗಕ್ಕೆ ಡ್ರೈನ್ ವಾಲ್ವ್ ಹಾಕಿಸಿ, ಅದಿರು ಗಾಡಿ ಆದ್ರೆ ವಾಲ್ವ್‌ಗೆ ಕಲ್ಲು ಬಡಿಯದ ಹಾಗೆ ಒಂದು ತಗಡಿನ ಗಾರ್ಡ್ ವೆಲ್ಡಿಂಗ್ ಮಾಡಿಸಿ, ಚೇಂಬರ್‌ಗಲ್ಲ, ಚಾಸಿಯ ಅಡ್ಡ ಪಟ್ಟಿಗೆ (ಕ್ರಾಸ್ ಮೆಂಬರ್) ಬೋಲ್ಟ್ ಆಗೋ ಥರ.