'ಈ ಕಡೆಯಿಂದ ಯಾರೂ ಹತ್ತೋಕಾಗಲ್ಲ ಸಾರ್'

ಹಳೆಯ ಕೋಟೆಗಳ ಅಳತೆ, ನಕ್ಷೆ, ದುರಸ್ತಿ ನನ್ನ ಕಸುಬು. ಯಾವ ಊರಿನ ದುರ್ಗಕ್ಕೆ ಹೋದರೂ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ. ಕಡಿದಾದ ಬಂಡೆಯ ಅಂಚಿಗೆ ಬಂದು, ಕೆಳಗೆ ಬಗ್ಗಿ ನೋಡಿ, ಊರಿನ ಕೋಟೆ ಸಮಿತಿಯ ಹಿರಿಯರೊಬ್ಬರು ಹೇಳುತ್ತಾರೆ: 'ಈ ಕಡೆಯಿಂದ ಯಾರೂ ಹತ್ತೋಕಾಗಲ್ಲ ಸಾರ್. ಇಲ್ಲಿ ಕಾವಲು ಎಲ್ಲಿರುತ್ತೆ? ಅಳತೆ ಬಿಡಿ, ಹೆಬ್ಬಾಗಿಲು ನೋಡೋಣ ಬನ್ನಿ.'

ಹತ್ತಿದ್ದಾರೆ ಸ್ವಾಮಿ. ಆ ಕಡೆಯಿಂದಲೇ ಹತ್ತಿದ್ದಾರೆ.

1535ರಲ್ಲಿ ಗುಜರಾತಿನ ಚಾಂಪಾನೇರ್ ಕೋಟೆಗೆ ಹುಮಾಯೂನ್ ಮುತ್ತಿಗೆ ಹಾಕಿದ್ದ. ಕೋಟೆಯವರಿಗೆ ದವಸ, ತುಪ್ಪ ಮಾರಿ ಕಾಡಿನಿಂದ ಹೊರಬರುತ್ತಿದ್ದ ಹಳ್ಳಿಯವರು ಅವನ ಕಣ್ಣಿಗೆ ಬಿದ್ದರು. ಅವರಿಂದ ಹತ್ತಬಹುದಾದ ಜಾಗ ತಿಳಿಯಿತು. ಅಲ್ಲಿ ಬಂಡೆಗೆ ಕಬ್ಬಿಣದ ಗೂಟ ಹೊಡೆದುಕೊಂಡು ರಾತ್ರಿ ಹತ್ತಿದರು. 1670ರಲ್ಲಿ ಶಿವಾಜಿಯ ಸೇನಾನಿ ತಾನಾಜಿಯ ಜನ ಪುಣೆ ಹತ್ತಿರದ ಸಿಂಹಗಡ ಹತ್ತಿದ್ದೂ ರಾತ್ರಿ, ಕಡಿದಾದ ಬದಿಯಿಂದಲೇ. (ಉಡಕ್ಕೆ ಹಗ್ಗ ಕಟ್ಟಿ ಬಂಡೆ ಹತ್ತಲು ಬಿಟ್ಟರು ಅನ್ನುವ ಕಥೆಯನ್ನು ನಾನಂತೂ ನಂಬುವುದಿಲ್ಲ. ಜಗಳಕ್ಕೆ ಬರಬೇಡಿ.)

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಗ್ವಾಲಿಯರ್ ಪ್ರಸಂಗ. 1780ರ ಆಗಸ್ಟ್. ಕೋಟೆ ಮರಾಠರ ಕೈಯಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿಯ ಪಾಪ್‌ಹ್ಯಾಮ್ ಎಂಬ ಅಧಿಕಾರಿ ಪಕ್ಕದ ಗೋಹದ್ ಸಂಸ್ಥಾನದ ದೊರೆ ರಾಣನ ಗೂಢಚಾರರನ್ನು ಮುಂದಿಟ್ಟುಕೊಂಡು ಬೆಳಗಿನ ಜಾವಕ್ಕೆ ಮೊದಲು ಬಂಡೆಯ ಬುಡಕ್ಕೆ ಪಡೆ ತಂದ. ಸದ್ದಾಗದಂತೆ ಸಿಪಾಯಿಗಳ ಕಾಲಿಗೆ ಹತ್ತಿ ತುಂಬಿದ ಮೆಟ್ಟು. ಅಷ್ಟರಲ್ಲಿ ಮೇಲೆ ಗೋಡೆಯುದ್ದಕ್ಕೂ ಗಸ್ತಿನ ದೀಪಗಳು ಸಾಗಿದವು. ಕಾವಲಿನವರು ಕೆಮ್ಮಿದರು. 'ಎಲ್ಲಾ ಸರಿಯಿದೆ' ಅಂತ ಹೇಳೋದಕ್ಕೆ ಆಗ ಹಾಗೆ ಕೆಮ್ಮುತ್ತಿದ್ದರು. ಕೆಳಗಿದ್ದವರಿಗೆ ಬೇಕಾಗಿದ್ದೂ ಅದೇ. ಒಂದು ಸುತ್ತು ಮುಗಿಯಿತು, ಇನ್ನೊಂದಕ್ಕೆ ಹೊತ್ತಿದೆ. ದೀಪ ಮರೆಯಾದ ಕೂಡಲೇ ಏಣಿ ಹಾಕಿದರು. ಬೆಳಗಾಗುವಷ್ಟರಲ್ಲಿ ಕೋಟೆ ಕೈಬದಲಾಗಿತ್ತು.

ಇದನ್ನೇ ನಾನು ಹೇಳಿ ಹೇಳಿ ಸಾಕಾಗಿರುವುದು. ದೀಪ ಹಿಡಿದು, ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ ತಿರುಗುವ ಗಸ್ತು ಶತ್ರುವಿಗೆ ಗಡಿಯಾರ. ಅವನು ಗೋಡೆ ಎಷ್ಟು ಎತ್ತರ ಅಂತ ಒಂದು ಸಲ ನೋಡುತ್ತಾನೆ. ಕಾವಲಿನವರ ಅಭ್ಯಾಸವನ್ನು ದಿನಾ ನೋಡುತ್ತಾನೆ. ಯಾರು ಯಾವಾಗ ತೂಕಡಿಸುತ್ತಾರೆ, ಊಟಕ್ಕೆ ಯಾವಾಗ ಏಳುತ್ತಾರೆ, ಮಳೆ ಬಂದರೆ ಯಾವ ಬತ್ತೇರಿ ಖಾಲಿಯಾಗುತ್ತದೆ, ಎಲ್ಲವನ್ನೂ. ಇನ್ನು ಎತ್ತರದಿಂದ ಎಲ್ಲ ಕಾಣುತ್ತದೆ ಅನ್ನುವುದು ಹಗಲಿನ ಮಾತು. ಬಂಡೆ ಹೊಟ್ಟೆ ಬಿಟ್ಟಿದ್ದರೆ ನಿಮ್ಮ ಕಾಲ ಕೆಳಗಿನ ಬುಡವೇ ನಿಮಗೆ ಕಾಣುವುದಿಲ್ಲ. ಮಂಜು ಕವಿದರೆ ಮೇಲಿದ್ದೂ ಕುರುಡರೇ. ಗಾಳಿ ಬೀಸಿದರೆ ಕಿವಿಯೂ ಇಲ್ಲ. ಅದಕ್ಕೇ ತಿರುಗುವ ಗಸ್ತಿನ ಜೊತೆಗೆ, ಕತ್ತಲಲ್ಲಿ ದೀಪವಿಲ್ಲದೆ ಒಂದೇ ಕಡೆ ಸುಮ್ನೆ ಕೂತು ಕಿವಿಗೊಡುವವನೂ ಬೇಕು. ಯಾರೂ ಹತ್ತಲಾರರು ಅನ್ನಿಸುವ ಕಡೆಯೇ ಅವನ ಜಾಗ.

ಚಿತ್ರದುರ್ಗದಲ್ಲಿ ಓಬವ್ವನ ಕಿಂಡಿ ತೋರಿಸುವಾಗ ಎಲ್ಲರೂ ಒನಕೆಯ ಬಗ್ಗೆ ಕೇಳುತ್ತಾರೆ. ಇದು ಜನರ ಬಾಯಲ್ಲಿ ಉಳಿದು ಬಂದ ಕಥೆ, ಹಾಗೆಂದೇ ಹೇಳಬೇಕು. ಆದರೆ ಕಥೆ ಕಟ್ಟಿದವರಿಗೆ ಕಾವಲಿನ ಕಷ್ಟ ಚೆನ್ನಾಗಿ ಗೊತ್ತಿತ್ತು. ಕಹಳೆ ಮುದ್ದಹನುಮ ಊಟಕ್ಕೆ ಮನೆಗೆ ಬಂದ. ಅವನ ಜಾಗಕ್ಕೆ ಬದಲಿ ಬಂದವರು ಯಾರು? ಯಾರೂ ಇಲ್ಲ. ಏಳು ಸುತ್ತಿನ ಕೋಟೆ, ಒಬ್ಬನೇ ಒಬ್ಬ ಬದಲಿ ಕಾವಲಿನವನಿಲ್ಲ! ನೀರಿಗೆ ಹೋದ ಹೆಂಡತಿ ಆ ಪಾಳಿ ಮುಗಿಸಬೇಕಾಯಿತು.

ಈಗ ಕೆಲಸದ ಮಾತು. ಹಿಂಬದಿಯ ಈ ಜಾಗಗಳಲ್ಲಿ ಗೋಡೆ ಇರುವುದೇ ಕಡಿಮೆ. ಬಂಡೆಯ ಪೊಟರೆಗೆ ಅಡ್ಡ ಇಟ್ಟ ಒಂದೆರಡು ಸಾಲು ಕಲ್ಲು, ಚಪ್ಪರದ ಕಂಬಕ್ಕೆ ಕೊರೆದಂತಿರುವ ಕುಳಿ, ಇಬ್ಬರು ಎದುರುಬದುರು ಕೂರುವಷ್ಟು ಚಪ್ಪಟೆ ಜಾಗದಲ್ಲಿ ಗೀಚಿದ ಹುಲಿ-ಕುರಿ ಆಟದ ಮನೆ. ಬೇಜಾರು ಕಳೆಯಲು ಕಾವಲಿನವರೇ ಗೀಚಿದ್ದು ಅಂತ ನನ್ನ ಮನಸ್ಸು ಹೇಳುತ್ತದೆ. ವರದಿಯಲ್ಲಿ ಹಾಗೆ ಬರೆಯಲಾರೆ. ದನ ಕಾಯುವ ಹುಡುಗರೂ ಗೀಚಿರಬಹುದು. ಕುಳಿಯೂ ಅಷ್ಟೇ, ಕಲ್ಲು ಒಡೆಯುವವರದ್ದಿರಬಹುದು. ನಾಲ್ಕಾರು ಗುರುತು ಒಟ್ಟಿಗೆ ಸಿಕ್ಕಿ, ಅಲ್ಲಿಂದ ಪಕ್ಕದ ಬತ್ತೇರಿಗೆ ಕೂಗು ಕೇಳುವಂತಿದ್ದರೆ ಮಾತ್ರ 'ಕಾವಲು ಜಾಗ ಇರಬಹುದು' ಎಂದು ಗುರುತು ಹಾಕುತ್ತೇನೆ.

ದಯವಿಟ್ಟು ಆ ಕಲ್ಲುಗಳನ್ನು ಕಿತ್ತು ಮೆಟ್ಟಿಲಿಗೆ ಹಾಕಬೇಡಿ. ಹಿಂಬದಿಯ ಅಳತೆಗೆ ಎರಡು ದಿನ ಜಾಸ್ತಿ ಬೇಕು ಅಂದರೆ ಬಿಲ್ಲು ನೋಡಿ ಮುಖ ಸಿಂಡರಿಸಲೂ ಬೇಡಿ. ಹಗ್ಗ ಕಟ್ಟಿಕೊಂಡು ಇಳಿಯುವವರು ನಮ್ಮ ಹುಡುಗರು.