ಸ್ಪ್ಯಾನಿಷ್‌ನಲ್ಲಿ ಕಂಪ್ಯೂಟರ್‌ಗೆ ‘ಶುದ್ಧ’ ಪದ ಯಾವುದು?

ಓದುಗರ ಪ್ರಶ್ನೆ: ಪಠ್ಯಪುಸ್ತಕದಲ್ಲಿ ಕಂಪ್ಯೂಟರ್‌ಗೆ ‘ಓರ್ದೆನದೋರ್’ ಎಂದಿದೆ, ಆ್ಯಪ್‌ನಲ್ಲಿ ‘ಕೊಂಪುತದೋರ’ ಎಂದಿದೆ. ಇವೆರಡರಲ್ಲಿ ಶುದ್ಧ ಸ್ಪ್ಯಾನಿಷ್ ಯಾವುದು?

ಎರಡೂ ಸರಿ. ಸ್ಪೇನ್‌ನಲ್ಲಿ ಓರ್ದೆನದೋರ್. ಮೆಕ್ಸಿಕೊ, ಅರ್ಜೆಂಟೀನಾ ಸೇರಿ ಲ್ಯಾಟಿನ್ ಅಮೆರಿಕದ ಬಹುಭಾಗದಲ್ಲಿ ಕೊಂಪುತದೋರ. ಚಿಲಿ, ಕೊಲಂಬಿಯಾದವರು ಅದನ್ನೇ ಪುಲ್ಲಿಂಗ ಮಾಡಿ ಕೊಂಪುತದೋರ್ ಎನ್ನುತ್ತಾರೆ. ಉತ್ತರ ಇಷ್ಟೇ. ಆದರೆ ಪ್ರತಿ ಸಲವೂ ಈ ಪ್ರಶ್ನೆಯ ಬೆನ್ನಿಗೆ ‘ಶುದ್ಧ’ ಎಂಬ ಮಾತು ಬಂದೇ ಬರುತ್ತದೆ. ಎಷ್ಟು ಸಲ ಹೇಳಿದರೂ ಹೋಗದ ನಂಬಿಕೆ ಅದು: ಸ್ಪೇನಿನದು ಅಪ್ಪಟ, ಲ್ಯಾಟಿನ್ ಅಮೆರಿಕದವರದು ಇಂಗ್ಲಿಷಿನ ನಕಲು.

ಮೊದಲು ಆ ‘ಅಪ್ಪಟ’ ಪದವನ್ನೇ ನೋಡಿ. ಓರ್ದೆನದೋರ್ ಬಂದದ್ದು ಫ್ರೆಂಚಿನಿಂದ. 1955ರಲ್ಲಿ ಐಬಿಎಂನ ಫ್ರಾನ್ಸ್ ಶಾಖೆಗೆ ತನ್ನ ಯಂತ್ರಕ್ಕೊಂದು ಫ್ರೆಂಚ್ ಹೆಸರು ಬೇಕಾಗಿತ್ತು. ಲ್ಯಾಟಿನ್ ಪ್ರಾಧ್ಯಾಪಕ ಜಾಕ್ ಪೆರೆ ಏಪ್ರಿಲ್ 16ರ ಪತ್ರದಲ್ಲಿ ‘ಓರ್ದಿನತರ್’ ಎಂದು ಸೂಚಿಸಿದರು. ಜಗತ್ತನ್ನು ಕ್ರಮಕ್ಕೆ ತರುವ ದೇವರಿಗೆ ವಿಶೇಷಣವಾಗಿದ್ದ ಹಳೆಯ ಪದ ಅದು. ಸ್ಪೇನ್ ಅದನ್ನು ತನ್ನ ನಾಲಿಗೆಗೆ ಒಗ್ಗಿಸಿಕೊಂಡಿತು. ಅಂದರೆ ಅದೂ ಎರವಲೇ.

ಇನ್ನು ‘ನಕಲು’. ಯಂತ್ರದ ಹೆಸರಾಗಿ ಕೊಂಪುತದೋರ ಇಂಗ್ಲಿಷಿನ ಪ್ರಭಾವದಿಂದ ಬಂದದ್ದು ನಿಜ. ಬೇರು ಮಾತ್ರ ಲ್ಯಾಟಿನ್ನಿನ ‘ಕೊಂಪುತಾರೆ’, ಅಂದರೆ ಲೆಕ್ಕಹಾಕು. ಎಣಿಸು ಎಂಬರ್ಥದ ದಿನಬಳಕೆಯ ‘ಕೊಂತಾರ್’ ಹುಟ್ಟಿದ್ದೂ ಅದರಿಂದಲೇ, ಹೋಟೆಲಿನಲ್ಲಿ ಬಿಲ್ ತರಿಸುವಾಗ ಹೇಳುವ ‘ಲಾ ಕ್ವೆಂತ’ವೂ ಅದೇ ಕುಟುಂಬದ್ದು. ಇಂಥ ಪದವನ್ನು ಪರಕೀಯ ಎನ್ನುವುದು ಹೇಗೆ? ಸ್ಪೇನಿನ ವಿಶ್ವವಿದ್ಯಾಲಯಗಳೇ ಕಂಪ್ಯೂಟರ್ ಎಂಜಿನಿಯರಿಂಗ್ ಪದವಿಗೆ ‘ಇಂಖೆನಿಯೆರೀಯ ದೆ ಕೊಂಪುತದೋರೆಸ್’ ಎಂದು ಹೆಸರಿಟ್ಟಿವೆ. ಮ್ಯಾಡ್ರಿಡ್‌ನ ಸ್ಪ್ಯಾನಿಷ್ ಭಾಷೆಯ ರಾಯಲ್ ಅಕಾಡೆಮಿ ಇತರ ದೇಶಗಳ ಅಕಾಡೆಮಿಗಳ ಜೊತೆ 2005ರಲ್ಲಿ ತಂದ ಸಂದೇಹ ನಿವಾರಣೆಯ ನಿಘಂಟೂ ಯಾವ ಪದ ಎಲ್ಲಿ ನಡೆಯುತ್ತದೆ ಎಂದು ಹೇಳುತ್ತದೆಯೇ ಹೊರತು ಯಾವುದನ್ನೂ ತಪ್ಪೆನ್ನುವುದಿಲ್ಲ.

ಉಳಿದವು ಸುಲಭ. ಮೌಸ್‌ಗೆ ಸ್ಪೇನ್‌ನಲ್ಲಿ ‘ರತೋನ್’, ಲ್ಯಾಟಿನ್ ಅಮೆರಿಕದ ಹೆಚ್ಚಿನ ಕಡೆ ‘ಮೌಸ್’. ಮೊಬೈಲ್‌ಗೆ ಸ್ಪೇನಿನಲ್ಲಿ ‘ಮೋವಿಲ್’, ಲ್ಯಾಟಿನ್ ಅಮೆರಿಕದಲ್ಲಿ ‘ಸೆಲುಲಾರ್’. ಲ್ಯಾಪ್‌ಟಾಪ್ ಸ್ಪೇನಿನವರಿಗೆ ‘ಪೋರ್ತಾತಿಲ್’, ಮೆಕ್ಸಿಕೊದವರಿಗೆ ‘ಲ್ಯಾಪ್‌ಟಾಪ್’, ಅರ್ಜೆಂಟೀನಾದವರಿಗೆ ‘ನೋಟ್‌ಬುಕ್’. ಕೀಬೋರ್ಡ್ ಎಲ್ಲ ಕಡೆಯೂ ‘ತೆಕ್ಲಾದೊ’. ಬೆಂಗಳೂರಿನಲ್ಲಿ ಕೂತು ಎರಡೂ ಕಡೆಯ ಗ್ರಾಹಕರಿಗೆ ಒಂದೇ ಇಮೇಲ್ ಬರೆಯಬೇಕಾದಾಗ ‘ಎಕಿಪೊ’ (ಉಪಕರಣ) ಎಂದು ಬರೆಯಿರಿ. ಸ್ಪ್ಯಾನಿಷ್ ವಿಂಡೋಸ್‌ನಲ್ಲಿ ‘ದಿಸ್ ಪಿಸಿ’ ಇರುವ ಜಾಗದಲ್ಲಿ ಕಾಣುವುದೂ ‘ಎಸ್ತೆ ಎಕಿಪೊ’ ಎಂದೇ.

ಪದಕ್ಕಿಂತ ಹೆಚ್ಚು ತೊಂದರೆ ಕೊಡುವುದು ಆ ತೆಕ್ಲಾದೊ. ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು. ವಿಂಡೋಸ್‌ನಲ್ಲಿ ಸ್ಪ್ಯಾನಿಷ್ ಕೀಬೋರ್ಡ್ ವಿನ್ಯಾಸ ಬೇರೆ, ಲ್ಯಾಟಿನ್ ಅಮೆರಿಕನ್ ವಿನ್ಯಾಸ ಬೇರೆ. ‘ಎನ್ಯೆ’ (ñ) ಅಕ್ಷರ ಎರಡರಲ್ಲೂ ಎಲ್ ಕೀಯ ಬಲಗಡೆ, ನಮ್ಮ ಕೀಬೋರ್ಡಿನ ಅರ್ಧವಿರಾಮದ ಜಾಗದಲ್ಲಿದೆ. ಆದರೆ @ ಬೇಕಿದ್ದರೆ ಮೊದಲನೆಯದರಲ್ಲಿ ಬಲಗಡೆಯ ಆಲ್ಟ್ ಜೊತೆ 2 ಒತ್ತಬೇಕು, ಎರಡನೆಯದರಲ್ಲಿ ಬಲಗಡೆಯ ಆಲ್ಟ್ ಜೊತೆ ಕ್ಯೂ. ಗ್ರಾಹಕರ ಯಂತ್ರಕ್ಕೆ ದೂರದಿಂದ ಲಾಗಿನ್ ಆಗುವಾಗ ಪಾಸ್‌ವರ್ಡ್ ಚುಕ್ಕಿಗಳಾಗಿ ಕಾಣುವುದರಿಂದ @ ಬದಲು ಬೇರೇನೋ ಬಿದ್ದದ್ದು ಗೊತ್ತೇ ಆಗುವುದಿಲ್ಲ. ನಾಲ್ಕಾರು ಸಲ ತಪ್ಪಾದರೆ ಖಾತೆ ಲಾಕ್ ಆಗಬಹುದು. ಹಾಗಾಗಿ ಮೊದಲು ಯೂಸರ್‌ನೇಮ್ ಪೆಟ್ಟಿಗೆಯಲ್ಲಿ @ ಒತ್ತಿ ನೋಡಿ. ಬರದಿದ್ದರೆ ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ವಿನ್ಯಾಸ ಬದಲಿಸಿ. ಅದೂ ಆಗದಿದ್ದರೆ ನಮ್‌ಲಾಕ್ ಹಾಕಿ, ಎಡಗಡೆಯ ಆಲ್ಟ್ ಹಿಡಿದು ಬಲಬದಿಯ ಅಂಕಿ ಪ್ಯಾಡಿನಲ್ಲಿ 64 ಒತ್ತಿ. ಮೇಲಿನ ಸಾಲಿನ ಅಂಕಿಗಳಿಂದ ಈ ಕೆಲಸ ಆಗುವುದಿಲ್ಲ.